ಮಕ್ಕಳ ದಾನಬುದ್ಧಿಗೆ ಹಿರಿಯರ ಆಚಾರವೇ ಗುರು
(ಮಕರ ಸಂಕ್ರಮಣದ ನಿಮಿತ್ತ ಪ್ರವಚನ)

॥ ಶ್ರೀಗುರುಭ್ಯೋ ನಮಃ ॥ ಹರಿಃ ಓಂ ॥



ಧನುರ್ಮಾಸದ ಅರುಣೋದಯ ಪೂಜೆಗಳು ಮುಗಿಯುತ್ತ ಬಂದಿವೆ. ನಸುಕಿನ ಚಳಿಯಲ್ಲಿ ಎದ್ದು, ಸ್ನಾನ ಮುಗಿಸಿ, ಶ್ರೀಹರಿಗೆ ನಿವೇದಿತವಾದ ಹುಗ್ಗಿಯನ್ನು ಪ್ರಸಾದವಾಗಿ ಸ್ವೀಕರಿಸಿದ ತಿಂಗಳಿದು. ಇದರ ಬೆನ್ನಿಗೇ ಮಕರ ಸಂಕ್ರಮಣ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿಬೀಜಗಳನ್ನು ಬೆರೆಸಿ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣುಗಳೊಡನೆ ತಟ್ಟೆಯಲ್ಲಿಟ್ಟು ಮನೆಮನೆಗೆ ಎಳ್ಳು ಬೀರುವರು. ಉತ್ತರ ಕರ್ನಾಟಕದಲ್ಲಿ ಕುಸುರೆಳ್ಳನ್ನು ಹಂಚಿ ಹಿರಿಯರಿಗೆ ನಮಸ್ಕರಿಸುವರು. ಎರಡು ಕಡೆಗಳಲ್ಲಿಯೂ ಈ ಹಬ್ಬಕ್ಕೆ ಒಂದು ವಿಶೇಷವುಂಟು. ಉಳಿದ ಹಬ್ಬಗಳಲ್ಲಿ ಮಕ್ಕಳು ತೆಗೆದುಕೊಳ್ಳುವವರು. ಈ ಹಬ್ಬದಲ್ಲಿ ಕೊಡುವವರು. ಹೊಸ ಬಟ್ಟೆ ತೊಟ್ಟು, ತಟ್ಟೆ ಹಿಡಿದು ನೆರೆಮನೆಯ ಬಾಗಿಲಿಗೆ ಹೋಗುವ ಮಗುವಿನ ಕೈಯೇ ಅಂದು ದಾತೃವಿನ ಕೈ.

ಆದುದರಿಂದ ಇಂದು ಮಕ್ಕಳ ದಾನಬುದ್ಧಿಯನ್ನು ಕುರಿತು ಕೆಲವು ಮಾತುಗಳನ್ನು ವಿಚಾರ ಮಾಡುವುದು ಉಚಿತವಾಗಿದೆ. ಪ್ರವಚನಗಳು ಮುಗಿದ ಮೇಲೆ ತಂದೆತಾಯಿಗಳು ಹೇಳಿಕೊಳ್ಳುವ ದೂರುಗಳಲ್ಲಿ ಇದೂ ಒಂದು. ಸಣ್ಣ ಮಗು ಆಟದ ಸಾಮಾನನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗ ತನ್ನ ಕೋಣೆ, ತನ್ನ ಮೊಬೈಲು, ತನ್ನ ಹೊತ್ತು ಎನ್ನುತ್ತಾನೆ. ತಂಗಿಗೆ ಲೆಕ್ಕ ಹೇಳಿಕೊಡಲು ಅರ್ಧ ಗಂಟೆಯನ್ನೂ ಕೊಡಲೊಲ್ಲ. ಇವರಿಗೆ ಹೇಳಲು ಯಾವುದಾದರೊಂದು ಕಥೆಯಿದೆಯೇ ಎಂದು ಕೇಳುತ್ತಾರೆ. ಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಆ ಮಗು ಯಾರನ್ನು ನೋಡಿ ಬೆಳೆಯುತ್ತಿದೆ ಎಂಬುದು ಶಾಸ್ತ್ರವು ನಮ್ಮನ್ನು ಮೊದಲು ಕೇಳುವ ಪ್ರಶ್ನೆ.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವೇದಾಧ್ಯಯನ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶ ಪ್ರಸಿದ್ಧವಾಗಿದೆ. ಅದರಲ್ಲಿ ಆಚಾರ್ಯನೇ ತನ್ನನ್ನು ಕುರಿತು ಒಂದು ಮಾತನ್ನು ಹೇಳುತ್ತಾನೆ: ನಮ್ಮ ನಡತೆಯಲ್ಲಿ ಯಾವುವು ಒಳ್ಳೆಯವೋ ಅವನ್ನು ಮಾತ್ರ ನೀನು ಅನುಸರಿಸಬೇಕು, ಉಳಿದವನ್ನಲ್ಲ ಎಂಬುದು ಅದರ ತಾತ್ಪರ್ಯ. ಶಿಷ್ಯನು ತನ್ನ ಮಾತನ್ನು ಕೇಳುವುದಕ್ಕಿಂತ ಹೆಚ್ಚಾಗಿ ತನ್ನ ನಡತೆಯನ್ನು ನೋಡಿ ಕಲಿಯುವನೆಂಬುದು ಆ ಗುರುವಿಗೆ ಗೊತ್ತಿತ್ತು. ಈ ಮಾತಾದ ಮೇಲೆಯೇ, ಅದೇ ಅನುವಾಕದಲ್ಲಿ, ಹೇಗೆ ಕೊಡಬೇಕೆಂಬ ವಿಧಿ ಬರುತ್ತದೆ: ಶ್ರದ್ಧೆಯಿಂದ ಕೊಡಬೇಕು, ನಾಚಿಕೆಯಿಂದ ಕೊಡಬೇಕು, ಭಯದಿಂದ ಕೊಡಬೇಕು. ಮೊದಲು ಹಿರಿಯರ ನಡತೆ, ಆಮೇಲೆ ದಾನದ ಉಪದೇಶ. ಈ ಕ್ರಮವನ್ನು ನಾವು ಗಮನಿಸತಕ್ಕದ್ದು. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ತಿಳಿಸಿದ್ದೂ ಇದನ್ನೇ: ಶ್ರೇಷ್ಠನಾದವನು ಏನನ್ನು ಆಚರಿಸುವನೋ ಜನರು ಅದನ್ನೇ ಅನುಸರಿಸುವರು. ರಾಜ್ಯಕ್ಕೆ ಅರಸನು ಶ್ರೇಷ್ಠನಾದರೆ, ಮಗುವಿನ ಪ್ರಪಂಚಕ್ಕೆ ತಂದೆತಾಯಿಗಳೇ ಶ್ರೇಷ್ಠರು.

ಎಳೆಯ ಮಗು ಹೇಗೆ ಅನುಸರಿಸುತ್ತದೆ ಎಂಬುದಕ್ಕೆ ಮಹಾಭಾರತದ ಆದಿಪರ್ವದಲ್ಲಿ ಒಂದು ಮನೋಹರವಾದ ಪ್ರಸಂಗವಿದೆ. ಬಕಾಸುರನ ವಧೆಯ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಭೀಮಸೇನದೇವರು ಗಾಡಿ ತುಂಬ ಅನ್ನವನ್ನು ಹೇರಿಕೊಂಡು ಹೋದದ್ದು ನೆನಪಿದೆ. ಅದಕ್ಕೆ ಮೊದಲು ಏಕಚಕ್ರಾನಗರದ ಆ ಬ್ರಾಹ್ಮಣನ ಮನೆಯೊಳಗೆ ನಡೆದದ್ದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ರಾಕ್ಷಸನಿಗೆ ಆಹಾರವಾಗಿ ಒಬ್ಬರನ್ನು ಕಳುಹಿಸುವ ಸರದಿ ಆ ಮನೆಗೆ ಬಂದಿತ್ತು. ತನ್ನ ಪ್ರಾಣ ಉಳಿಸಿಕೊಳ್ಳಲು ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಬಿಟ್ಟುಕೊಡಲಾರೆನೆಂದು ಯಜಮಾನನು ಅತ್ತ. ಮಕ್ಕಳಿಗೆ ತಂದೆ ಬೇಕು, ನಾನೇ ಹೋಗುವೆನೆಂದು ಹೆಂಡತಿ ಹೇಳಿದಳು. ಹೇಗಿದ್ದರೂ ಬೇರೆ ಮನೆಗೆ ಹೋಗತಕ್ಕವಳು ನಾನು, ನನ್ನನ್ನು ಕೊಟ್ಟು ಎಲ್ಲರೂ ಉಳಿಯಿರೆಂದು ಮಗಳು ಹೇಳಿದಳು. ಇವರೆಲ್ಲರೂ ಅಳುತ್ತಿರುವಾಗ ಇನ್ನೂ ಮಾತು ಬಲಿಯದ ಚಿಕ್ಕ ಮಗನು ಅರಳಿದ ಕಣ್ಣುಗಳಿಂದ ಒಬ್ಬೊಬ್ಬರ ಬಳಿಗೂ ಹೋಗಿ ಅಳಬೇಡಿರೆಂದು ತೊದಲುನುಡಿಯಲ್ಲಿ ಸಮಾಧಾನ ಹೇಳಿ, ಒಂದು ಹುಲ್ಲುಕಡ್ಡಿಯನ್ನು ಎತ್ತಿಕೊಂಡು, ಇದರಿಂದಲೇ ಆ ರಾಕ್ಷಸನನ್ನು ಕೊಂದುಬಿಡುವೆನೆಂದ! ಆ ದುಃಖದಲ್ಲಿಯೂ ಎಲ್ಲರಿಗೂ ನಗೆ ಬಂದಿತಂತೆ.

ನಗುವುದು ಸಹಜ. ಆದರೆ ವಿಚಾರ ಮಾಡಿ ನೋಡಿ: ಆ ಮಗುವಿಗೆ ತ್ಯಾಗವೆಂದರೇನೆಂದು ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ತಂದೆ, ತಾಯಿ, ಅಕ್ಕ ಮೂವರೂ ಇನ್ನೊಬ್ಬರಿಗಾಗಿ ಮುಂದೆ ಬಂದದ್ದನ್ನು ಅದು ಕಂಡಿತು. ತಾನೂ ಮುಂದೆ ಬಂದಿತು. ಅದರ ಕೈಯಲ್ಲಿದ್ದುದು ಹುಲ್ಲುಕಡ್ಡಿ, ನಿಜ. ಆದರೆ ಇದ್ದುದನ್ನೇ ಹಿಡಿದು ಹೊರಟಿತು. ಅದೇ ಮನೆಯಲ್ಲಿ ಆ ದಿನ ಪ್ರತಿಯೊಬ್ಬರೂ ನೀನು ಹೋಗು ನೀನು ಹೋಗು ಎಂದು ಜಗಳವಾಡಿದ್ದರೆ, ಆ ಮಗು ತಾಯಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತಿತ್ತು.

ಇದನ್ನು ಕಂಡ ಕುಂತೀದೇವಿಯು ಆಮೇಲೆ ಮಾಡಿದ್ದೂ ಇದೇ ಪಾಠದ ಮುಂದಿನ ಭಾಗ. ಆಶ್ರಯ ಕೊಟ್ಟ ಮನೆಯ ಋಣ ತೀರಿಸಲು, ನನಗೆ ಐವರು ಮಕ್ಕಳಿದ್ದಾರೆ, ಅವರಲ್ಲಿ ಒಬ್ಬನು ಹೋಗುವನು ಎಂದಳು. ಧರ್ಮರಾಜನೇ ಮೊದಲು ಆಕ್ಷೇಪಿಸಿದನು, ಅವನಿಗೆ ತಿಳಿಯಹೇಳಿದಳು. ವಾಯುದೇವರ ದ್ವಿತೀಯಾವತಾರರಾದ ಭೀಮಸೇನದೇವರಂತೂ ಸಂತೋಷದಿಂದಲೇ ಹೊರಟರು. ದಿನವೂ ಭಿಕ್ಷೆ ತಂದ ಅನ್ನವನ್ನು ಆ ತಾಯಿ ಪಾಲು ಮಾಡುತ್ತಿದ್ದ ಬಗೆಯೂ ನೆನೆಯತಕ್ಕದ್ದು. ಅರ್ಧ ಭೀಮಸೇನರಿಗೆ, ಉಳಿದ ಅರ್ಧ ಇತರ ನಾಲ್ವರು ಮಕ್ಕಳಿಗೂ ತನಗೂ. ಎಲ್ಲರಿಗೂ ಸಮನಾಗಿ ಅಳೆಯುವುದೇ ಹಂಚಿಕೆಯಲ್ಲ, ಯಾರಿಗೆ ಎಷ್ಟು ಅವಶ್ಯಕವೋ ಅಷ್ಟು ಕೊಡುವುದು ಹಂಚಿಕೆ ಎಂಬುದನ್ನು ಆ ಮಕ್ಕಳು ಊಟದ ಎಲೆಯ ಮುಂದೆಯೇ ಕಲಿತರು.

ಇನ್ನು ಬೆಳೆದ ಮಕ್ಕಳ ವಿಷಯ. ಎಳೆಯ ಮಗು ಅನುಕರಿಸುತ್ತದೆ, ಕಿಶೋರನು ಪರೀಕ್ಷಿಸುತ್ತಾನೆ. ತಂದೆಯ ಮಾತಿಗೂ ಕೃತಿಗೂ ನಡುವೆ ಇರುವ ಅಂತರವನ್ನು ಅಳೆಯುವ ವಯಸ್ಸು ಅದು. ಇದಕ್ಕೆ ಕಠೋಪನಿಷತ್ತಿನ ನಚಿಕೇತನೇ ನಿದರ್ಶನ. ಅವನ ತಂದೆಯು ತನ್ನ ಸರ್ವಸ್ವವನ್ನೂ ಕೊಡಬೇಕಾದ ಯಾಗವನ್ನು ಮಾಡುತ್ತಿದ್ದನು. ದಕ್ಷಿಣೆಯಾಗಿ ಗೋವುಗಳನ್ನು ಹೊಡೆದುಕೊಂಡು ಹೋಗುವಾಗ ಹುಡುಗನು ನೋಡಿದನು. ಇನ್ನು ನೀರು ಕುಡಿಯಲಾರದ, ಹುಲ್ಲು ಮೇಯಲಾರದ, ಹಾಲು ಬತ್ತಿಹೋದ, ಕರು ಹಾಕುವ ಶಕ್ತಿಯಿಲ್ಲದ ಮುದಿ ಹಸುಗಳು! ಪಡೆದವನಿಗೆ ಅವುಗಳಿಂದ ಭಾರವಲ್ಲದೆ ಬೇರೇನೂ ಇಲ್ಲ. ಆಗ ಇನ್ನೂ ಕುಮಾರನಾಗಿದ್ದ ಅವನಲ್ಲಿ ಶ್ರದ್ಧೆಯು ಪ್ರವೇಶಿಸಿತೆಂದು ಉಪನಿಷತ್ತು ಹೇಳುತ್ತದೆ. ಉದ್ಧಟತನ ಪ್ರವೇಶಿಸಿತೆಂದು ಹೇಳುವುದಿಲ್ಲ; ಶ್ರದ್ಧೆ ಎನ್ನುತ್ತದೆ. ನನ್ನನ್ನು ಯಾರಿಗೆ ಕೊಡುವೆ ಎಂದು ತಂದೆಯನ್ನು ಮತ್ತೆ ಮತ್ತೆ ಕೇಳಿದನು. ಸಿಟ್ಟಿಗೆದ್ದ ತಂದೆಯು ಮೃತ್ಯುವಿಗೆ ಕೊಟ್ಟೆನೆಂದನು.

ಮಹಾಜನರೇ, ಆ ಹಸುಗಳು ಇಂದಿಗೂ ನಮ್ಮ ಮನೆಗಳಲ್ಲಿವೆ. ಯಾರೂ ಹೊಲಿಸಿಕೊಳ್ಳದ, ಹೊಲಿಸಿಕೊಳ್ಳಲು ಬಾರದ ರವಿಕೆಯ ಕಣವು ಮನೆಯಿಂದ ಮನೆಗೆ ಸುತ್ತುತ್ತ ಅರಿಸಿನ ಕುಂಕುಮದ ತಟ್ಟೆಯಲ್ಲಿ ಮತ್ತೆ ನಮ್ಮ ಮನೆಗೇ ಬರುವುದುಂಟು. ಹರಿದ ನೋಟನ್ನು ಎಣಿಸುವಾಗ ಬದಿಗಿಟ್ಟು, ಇದು ಆರತಿತಟ್ಟೆಗೆ ಇರಲಿ ಎನ್ನುವುದುಂಟು. ಹಬ್ಬದ ಮರುದಿನ, ನಾವು ತಿನ್ನಲಾರದೆ ಉಳಿದ ಭಕ್ಷ್ಯವನ್ನು ಮನೆಗೆಲಸದವಳ ಕೈಗೆ ಕೊಟ್ಟು, ಕೊಟ್ಟೆವೆಂದು ಹೇಳಿಕೊಳ್ಳುವುದುಂಟು. ಪಕ್ಕದಲ್ಲಿ ನಿಂತ ಹದಿಮೂರು ವರ್ಷದ ಹುಡುಗಿ ಮಾತನಾಡುವುದಿಲ್ಲ, ನೋಡುತ್ತಾಳೆ. ಕೊಡುವುದೆಂದರೆ ಬೇಡವಾದುದನ್ನು ಸಾಗಹಾಕುವುದು ಎಂಬ ವ್ಯಾಖ್ಯಾನವನ್ನು ಅವಳು ಅಂದೇ ಬರೆದುಕೊಳ್ಳುತ್ತಾಳೆ. ನಾಳೆ ತಮ್ಮನಿಗೆ ಮುರಿದ ಪೆನ್ನನ್ನು ಕೊಟ್ಟು, ಕೊಟ್ಟೆನಲ್ಲ ಎಂದರೆ, ಅವಳನ್ನು ಗದರಿಸುವ ಅಧಿಕಾರ ನಮಗೆಲ್ಲಿದೆ?

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ನಚಿಕೇತನು ಯಮಧರ್ಮರಾಜರ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದನು. ಬಂದ ಅತಿಥಿಗೆ ಅನ್ನ ಸಲ್ಲದೆ ಹೋಯಿತೆಂದು ತಿಳಿದೊಡನೆ ಯಮಧರ್ಮರಾಜರು ಆ ಬಾಲಕನಿಗೆ ನಮಸ್ಕರಿಸಿ, ರಾತ್ರಿಗೊಂದರಂತೆ ಮೂರು ವರಗಳನ್ನು ಕೊಟ್ಟರು. ಮುಂದೆ ಅವನ ಗ್ರಹಣಶಕ್ತಿಯನ್ನು ಮೆಚ್ಚಿ, ತಾವು ಉಪದೇಶಿಸಿದ ಅಗ್ನಿಗೆ ಅವನ ಹೆಸರೇ ನಿಲ್ಲುವಂತೆ ಮತ್ತೊಂದನ್ನೂ ಅನುಗ್ರಹಿಸಿದರು. ಒಂದು ಕಡೆ, ಲೋಪವನ್ನು ಮಗನು ಸೂಚಿಸಿದಾಗ ಸಿಟ್ಟಾದ ಹಿರಿಯ. ಇನ್ನೊಂದು ಕಡೆ, ಲೋಪವನ್ನು ತಾನೇ ಒಪ್ಪಿ, ಸರಿಪಡಿಸಿ, ಅದಕ್ಕಿಂತಲೂ ಹೆಚ್ಚು ಕೊಟ್ಟ ಹಿರಿಯ. ಹುಡುಗನು ತತ್ತ್ವವನ್ನು ಪಡೆದದ್ದು ಯಾರಿಂದ ಎಂಬುದನ್ನು ಹೇಳಬೇಕಾಗಿಲ್ಲ. ಅವನು ಕೇಳಿದ ಮೊದಲನೆಯ ವರವೋ, ತಂದೆಯ ಕೋಪ ಶಾಂತವಾಗಿ ಮನಸ್ಸು ಪ್ರಸನ್ನವಾಗಲಿ ಎಂಬುದು. ಪ್ರಶ್ನೆ ಕೇಳುವ ಮಕ್ಕಳೆಲ್ಲ ನಮ್ಮನ್ನು ದ್ವೇಷಿಸುವವರಲ್ಲ. ನಮ್ಮ ಆಚಾರದಲ್ಲಿ ಶ್ರದ್ಧೆಯಿಡಲು ಬಯಸುವವರೇ ಪ್ರಶ್ನಿಸುತ್ತಾರೆ. ಅಪ್ಪಾ, ಹೀಗೆ ಕೊಡಬಹುದೇ ಎಂದು ಮಗ ಕೇಳಿದರೆ, ಹೌದಪ್ಪ, ಚೆನ್ನಾಗಿರುವುದನ್ನೇ ಕೊಡೋಣ ಎಂದು ಹೊಸದನ್ನು ತೆಗೆದುಕೊಡುವ ತಂದೆಯು ಆ ಒಂದು ನಿಮಿಷದಲ್ಲಿ ನೂರು ಪ್ರವಚನಗಳನ್ನು ಮಾಡಿದಂತಾಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಮಹಾಭಾರತದಲ್ಲಿದೆ. ದ್ಯೂತಸಭೆಯಲ್ಲಿ ಪಾಂಡವರ ಸಂಪತ್ತು ಒಂದೊಂದಾಗಿ ಪಣಕ್ಕೆ ಬೀಳುತ್ತಿದ್ದಾಗ ಕುರುಡ ಅರಸನು ಹರ್ಷವನ್ನು ಅಡಗಿಸಿಕೊಳ್ಳಲಾರದೆ, ಗೆಲುವಾಯಿತೇ ಎಂದು ಮತ್ತೆ ಮತ್ತೆ ಕೇಳಿದನು. ಮಗನು ತಂದೆಯ ಆ ಹರ್ಷವನ್ನು ಕಂಡನು. ಮುಂದೆ ಪಾಂಡವರು ಐದು ಗ್ರಾಮಗಳಾದರೂ ಸಾಕೆಂದಾಗ, ಸೂಜಿಯ ಮೊನೆಯಷ್ಟು ಭೂಮಿಯನ್ನೂ ಕೊಡೆನೆಂದು ಅವನು ನಿಂತನು. ಆಗ ಧೃತರಾಷ್ಟ್ರನು ಬುದ್ಧಿ ಹೇಳಿದನು, ಗಾಂಧಾರಿಯನ್ನು ಕರೆಸಿ ಹೇಳಿಸಿದನು. ಮಾತು ನಾಟಲಿಲ್ಲ.

ಇಲ್ಲಿ ತಿಳಿದವರು ಒಂದು ಶಂಕೆಯನ್ನು ಎತ್ತಬಹುದು. ದುರ್ಯೋಧನನು ಕಲಿಯ ಅವತಾರ. ಜೀವಸ್ವಭಾವವು ಅನಾದಿಯೆಂಬುದು ನಮ್ಮ ಸಿದ್ಧಾಂತ. ಸ್ವಭಾವವೇ ಹಾಗಿದ್ದರೆ ಹಿರಿಯರ ಆಚಾರದಿಂದ ಏನಾದೀತು? ಸಮಾಧಾನ ಹೀಗೆ. ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಈ ಮೂರನ್ನೂ ಸಿದ್ಧಾಂತವು ಒಪ್ಪುತ್ತದೆ; ಮೂರೂ ಶ್ರೀಹರಿಯ ಅಧೀನ. ಬೀಜದ ಜಾತಿಯನ್ನು ನೀರು ಬದಲಿಸಲಾರದು. ಆದರೆ ನೀರಿಲ್ಲದೆ ಒಳ್ಳೆಯ ಬೀಜವೂ ಮೊಳೆಯದು. ನಮ್ಮ ಮಗುವಿನ ಯೋಗ್ಯತೆ ಏನೆಂಬುದು ನಮಗೆ ತಿಳಿಯದು, ಸರ್ವಜ್ಞನಾದ ಭಗವಂತನಿಗೆ ತಿಳಿದಿದೆ. ನೀರೆರೆಯುವ ಕರ್ತವ್ಯ ಮಾತ್ರ ನಮ್ಮದು. ಧೃತರಾಷ್ಟ್ರನ ದೋಷ ಇರುವುದು ಇಲ್ಲಿಯೇ. ಮಗನ ಸ್ವಭಾವಕ್ಕೆ ಅವನು ಹೊಣೆಯಲ್ಲದಿರಬಹುದು. ತನ್ನ ಹರ್ಷಕ್ಕೆ ಹೊಣೆ. ಸ್ವಭಾವವೆಂಬ ತತ್ತ್ವವನ್ನು ನಮ್ಮ ಆಲಸ್ಯಕ್ಕೆ ಹೊದಿಕೆಯಾಗಿ ಬಳಸಬಾರದು.

ದ್ವೈತಸಿದ್ಧಾಂತದಲ್ಲಿ ದಾನಕ್ಕೆ ಇನ್ನೂ ಗಟ್ಟಿಯಾದ ನೆಲೆಯಿದೆ. ಶ್ರೀಹರಿಯೊಬ್ಬನೇ ಸ್ವತಂತ್ರ; ಉಳಿದುದೆಲ್ಲ ಪರತಂತ್ರ. ಎಲ್ಲಕ್ಕೂ ಒಡೆಯನು ಅವನು. ನಮ್ಮ ಕೈಯಲ್ಲಿರುವುದು ಬಡಿಸಲು ಕೊಟ್ಟ ಸಟ್ಟುಗ ಮಾತ್ರ. ಬಡಿಸುವವನು ಪಾತ್ರೆಯನ್ನು ತನ್ನದೆಂದು ತಬ್ಬಿಕೊಂಡು ಕುಳಿತರೆ ಪಂಕ್ತಿಯಲ್ಲಿ ಕುಳಿತವರು ಏನೆಂದಾರು? ಈ ತತ್ತ್ವವನ್ನು ಮಕ್ಕಳಿಗೆ ಶಬ್ದಗಳಿಂದ ತಿಳಿಸುವುದು ಕಷ್ಟ. ಮನೆಯ ನಿತ್ಯಾಚಾರದಲ್ಲಿ ತೋರಿಸುವುದು ಸುಲಭ. ಮಾಡಿದ ಅಡಿಗೆಯು ಮೊದಲು ದೇವರಿಗೆ ನೈವೇದ್ಯವಾಗುತ್ತದೆ. ವೈಶ್ವದೇವ, ಬಲಿಹರಣ, ಗೋಗ್ರಾಸ, ಅತಿಥಿಸತ್ಕಾರಗಳಾದ ಮೇಲೆ ಯಜಮಾನನ ಊಟ. ಶ್ರೀಮದಾಚಾರ್ಯರು ಸಾಧಕನ ದಿನಚರಿಯನ್ನು ಸದಾಚಾರಸ್ಮೃತಿಯಲ್ಲಿ ಸಂಗ್ರಹಿಸಿಕೊಟ್ಟಿದ್ದಾರೆ. ಮನೆಯ ಯಜಮಾನನೇ ಹಸಿವನ್ನು ತಡೆದುಕೊಂಡು, ಇತರರಿಗೆ ಸಲ್ಲಬೇಕಾದುದು ಸಂದ ಮೇಲೆ ಎಲೆಯ ಮುಂದೆ ಕೂಡುವುದನ್ನು ದಿನವೂ ಕಂಡ ಮಗುವಿಗೆ, ಮೊದಲನೆಯ ಪಾಲು ನನ್ನದಲ್ಲ ಎಂಬುದು ಉಸಿರಿನಷ್ಟು ಸಹಜವಾಗುತ್ತದೆ. ತನಗಾಗಿ ಮಾತ್ರ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುವನೆಂದು ಗೀತೆಯ ಮೂರನೆಯ ಅಧ್ಯಾಯವು ಎಚ್ಚರಿಸುತ್ತದೆ.

ಉಡುಪಿಯಲ್ಲಿ ಇದೇ ತತ್ತ್ವವು ಮಹೋತ್ಸವವಾಗಿದೆ. ಒಬ್ಬ ಶ್ರೀಕೃಷ್ಣನ ಪೂಜೆಯನ್ನು ಎಂಟು ಮಠಗಳು ಹಂಚಿಕೊಂಡಿವೆ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಸರದಿಯನ್ನು ಶ್ರೀವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರೆಂಬುದು ಸಂಪ್ರದಾಯಪ್ರಸಿದ್ಧವಾಗಿದೆ. ಜನವರಿ 18ರ ಪರ್ಯಾಯದಂದು, ನಿರ್ಗಮಿಸುವ ಶ್ರೀಪಾದರು ಮುಂದಿನ ಶ್ರೀಪಾದರಿಗೆ ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಬೀಗದ ಕೈಗಳನ್ನು ಒಪ್ಪಿಸುವರು. ಆ ಮಠಕ್ಕೆ ಮತ್ತೆ ಸರದಿ ಬರಲು 14 ವರ್ಷ ಕಾಯಬೇಕು. ಅಧಿಕಾರದ ಚಿಹ್ನೆಯಾಗಿ ಅಲ್ಲಿ ಕತ್ತಿ ಕೈ ಬದಲಾಯಿಸುವುದಿಲ್ಲ. ಅನ್ನ ಬಡಿಸುವ ಸಟ್ಟುಗ ಕೈ ಬದಲಾಯಿಸುತ್ತದೆ. ಪರ್ಯಾಯಕ್ಕೆ ಮಕ್ಕಳನ್ನು ಕರೆದೊಯ್ಯುವವರು ಮೆರವಣಿಗೆಯೊಂದನ್ನೇ ತೋರಿಸದೆ, ಪ್ರಿಯವಾದ ಕೃಷ್ಣಪೂಜೆಯನ್ನೇ ಸಂತೋಷದಿಂದ ಇನ್ನೊಬ್ಬರಿಗೆ ಒಪ್ಪಿಸುವ ಈ ಕ್ರಮವನ್ನೂ ತಿಳಿಸಿಕೊಡಬೇಕು.

ಈಗ ಮನೆಯ ಮಾತಿಗೆ ಬರೋಣ. ಬೆಳಿಗ್ಗೆ ಊಟದ ಡಬ್ಬಿಯನ್ನು ಕೈಗಿಡುವಾಗ, ಎಲ್ಲರಿಗೂ ಕೊಟ್ಟುಬಿಡಬೇಡ, ನೀನೇ ತಿನ್ನು ಎನ್ನುವುದು ಪ್ರೀತಿಯ ಮಾತೆಂದು ನಮಗೆ ತೋರುತ್ತದೆ. ಪರೀಕ್ಷೆ ಹತ್ತಿರ ಬಂದಾಗ, ನಿನ್ನ ನೋಟ್ಸನ್ನು ಯಾರಿಗೂ ಕೊಡಬೇಡ ಎನ್ನುವುದು ವಿವೇಕವೆಂದು ತೋರುತ್ತದೆ. ಇವು ಮಗುವಿನ ಕಿವಿಯಲ್ಲಿ ಗುರೂಪದೇಶದಂತೆ ನಿಲ್ಲುತ್ತವೆ. ವೃದ್ಧಾಪ್ಯದಲ್ಲಿ ಅದೇ ಮಗನ ಒಂದು ಗಂಟೆಗಾಗಿ ನಾವು ಕಾಯುವಾಗ, ಯಾರಿಗೂ ಕೊಡಬೇಡ ಎಂದು ಕಲಿಸಿದವರು ನಾವೇ ಎಂಬುದು ಮರೆತಿರುತ್ತದೆ. ಶ್ರೀಕೃಷ್ಣನು ಬುತ್ತಿಯನ್ನು ಹೇಗೆ ಉಂಡನು? ಭಾಗವತದ ದಶಮಸ್ಕಂಧದಲ್ಲಿ, ಯಮುನೆಯ ದಡದಲ್ಲಿ, ಕಮಲದ ನಡುವಿನ ಕರ್ಣಿಕೆಯಂತೆ ಅವನು ಕುಳಿತಿದ್ದನು. ಎಸಳುಗಳಂತೆ ಸುತ್ತಲೂ ಗೋಪಬಾಲಕರು. ಎಲೆ, ತೊಗಟೆ, ಕಲ್ಲುಗಳನ್ನೇ ತಟ್ಟೆ ಮಾಡಿಕೊಂಡು, ತಮ್ಮ ತಮ್ಮ ಬುತ್ತಿಯ ರುಚಿಯನ್ನು ಒಬ್ಬರಿಗೊಬ್ಬರು ತೋರಿಸುತ್ತ ನಗುತ್ತ ಉಂಡರು. ಯಜ್ಞಭೋಕ್ತೃವಾದ ಪರಮಾತ್ಮನೇ ಗೆಳೆಯರ ನಡುವೆ ಕುಳಿತು ಉಂಡಿರಲು, ನಮ್ಮ ಮಗುವಿನ ಡಬ್ಬಿಗೆ ಅಷ್ಟು ಕಾವಲೇಕೆ?

ಹಾಗೆಂದು ಮಗುವಿನ ಕೈಯಿಂದ ವಸ್ತುವನ್ನು ಕಿತ್ತು ಇನ್ನೊಬ್ಬರಿಗೆ ಕೊಡಿಸುವುದು ದಾನಶಿಕ್ಷಣವಲ್ಲ. ನೊಂದು ಕೊಟ್ಟದ್ದು ರಾಜಸದಾನವೆಂದು ಗೀತೆಯ ಹದಿನೇಳನೆಯ ಅಧ್ಯಾಯವು ಹೇಳುತ್ತದೆ. ಕಿತ್ತುಕೊಂಡಾಗ ಮಗು ಕಲಿಯುವುದು ಕೊಡುವುದನ್ನಲ್ಲ, ಬಲವುಳ್ಳವನು ಕಿತ್ತುಕೊಳ್ಳಬಹುದೆಂಬುದನ್ನು. ಮೊದಲು ನಾವು ಅದರ ಕಣ್ಣೆದುರಿಗೆ ನಮ್ಮದನ್ನು ಕೊಡೋಣ, ಸ್ವಲ್ಪ ಕಾಯೋಣ, ತಾನಾಗಿ ಕೊಟ್ಟಾಗ ಸಂತೋಷಪಡೋಣ.

ಕಿಶೋರರಿಗೂ ಒಂದು ಮಾತು. ನೀವು ನಟರನ್ನೋ ಆಟಗಾರರನ್ನೋ ಆದರ್ಶವೆಂದು ನೋಡುತ್ತಿರಬಹುದು. ಆದರೆ ನಿಮ್ಮ ಮನೆಯಲ್ಲಿಯೇ ನಿಮ್ಮನ್ನು ಆದರ್ಶವೆಂದು ನೋಡುತ್ತಿರುವ ತಮ್ಮನೋ ತಂಗಿಯೋ, ನೆರೆಮನೆಯ ಪುಟ್ಟ ಮಗುವೋ ಇದ್ದೇ ಇರುತ್ತದೆ. ಗೀತೆಯು ಹೇಳುವ ಶ್ರೇಷ್ಠನು ಆ ಮಗುವಿನ ಪಾಲಿಗೆ ನೀವು. ದೇವಸ್ಥಾನದ ಸಂತರ್ಪಣೆಯಲ್ಲಿ ಪಂಚೆಯುಟ್ಟು ಕೋಸಂಬರಿಯನ್ನೋ ಪಾನಕವನ್ನೋ ಬಡಿಸಲು ನೀವು ನಿಂತರೆ, ಮುಂದಿನ ವರ್ಷ ನಿಮ್ಮ ತಮ್ಮನು ಉಪ್ಪಿನ ಪಾತ್ರೆಯನ್ನು ಹಿಡಿದು ನಿಲ್ಲುತ್ತಾನೆ.

ಈ ಸಂಕ್ರಮಣದಿಂದಲೇ ಆರಂಭಿಸೋಣ. ಅಂಗಡಿಯ ಪೊಟ್ಟಣಗಳನ್ನು ಕಾವಲುಗಾರನ ಕೈಯಲ್ಲಿ ಕಳುಹಿಸಿ ಮುಗಿಸದೆ, ಎಳ್ಳುಬೆಲ್ಲವನ್ನು ಮಕ್ಕಳ ಜತೆಯಲ್ಲಿಯೇ ಬೆರೆಸಿ, ಅವರ ಕೈಯಿಂದಲೇ ಬೀರಿಸಬೇಕು. ಅವರು ಎಷ್ಟು ಕೊಟ್ಟರೋ ಅಷ್ಟೇ ನಾವು ಎಂಬ ಲೆಕ್ಕವನ್ನು ಮಕ್ಕಳೆದುರಿಗೆ ಆಡಬಾರದು. ಮನೆಗೆಲಸದವರಿಗೂ, ಕಾವಲುಗಾರನಿಗೂ ನೆಂಟರಿಗೆ ಕೊಡುವ ಎಳ್ಳೇ, ಅಚ್ಚೇ, ಕಬ್ಬೇ ಸಲ್ಲಬೇಕು. ತಟ್ಟೆಯಲ್ಲಿಡುವ ರವಿಕೆಯ ಕಣವು ನಾವೇ ಉಡಬಯಸುವಂತಹುದಾಗಿರಬೇಕು. ಮೊದಲ ಪಾಲು ದೇವರಿಗೆ ನಿವೇದಿತವಾಗಬೇಕು.

ಎಳ್ಳು ಬೀರಿ ಖಾಲಿ ತಟ್ಟೆಯೊಡನೆ ಹಿಂದಿರುಗುವ ಮಗುವಿನ ಮುಖವನ್ನು ಅಂದು ಸಂಜೆ ಗಮನಿಸಿ ನೋಡಿ. ಕೊಟ್ಟು ಬಂದ ಸಂತೋಷ ಅದರಲ್ಲಿ ಕಂಡರೆ, ಆ ಸಂತೋಷವನ್ನು ನಮ್ಮ ಮುಖದಲ್ಲಿಯೂ ಅದು ಎಂದೋ ಕಂಡಿರಬೇಕು. ಹಾಗೆ ಕಾಣುವಂತೆ ಬಾಳುವ ಬುದ್ಧಿಯನ್ನು, ಸರ್ವಪ್ರೇರಕನಾದ, ಮುಖ್ಯಪ್ರಾಣಾಂತರ್ಗತ ಶ್ರೀಲಕ್ಷ್ಮೀನಾರಾಯಣನು ನಮಗೆಲ್ಲರಿಗೂ, ನಮ್ಮ ಮಕ್ಕಳಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತ, ಈ ವಾಕ್‌ಸೇವೆಯನ್ನು ಅವನಿಗೇ ಸಮರ್ಪಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥